ಕೆರೆ ಮೀನು ಯಾರದು? ಕೊಕ್ಕರೆ ಬೆಳ್ಳೂರಿನ ಒಂದು ಬೇಸಿಗೆ ಫೆಲೋಶಿಪ್ ಪ್ರಕರಣ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ, ಗೂಡು ಕಟ್ಟುವುದು ಊರೊಳಗಿನ ಮರಗಳ ಮೇಲೆ, ಅದರಲ್ಲೂ ಹುಣಸೆಮರದ ಮೇಲೆ. ಆ ಮರ ಯಾರದೋ ಹಿತ್ತಲಲ್ಲಿ ಇರುತ್ತದೆ. ಮರಿಗೆ ಬೇಕಾದ ಮೀನು ಮಾತ್ರ ಊರಲ್ಲಿಲ್ಲ. ಶಿಂಷಾ ಹೊಳೆಯಿಂದ, ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆಯಿಂದ, ಸುತ್ತಲಿನ ಸಣ್ಣಪುಟ್ಟ ಕೆರೆಗಳಿಂದ ಬರಬೇಕು. ಮರಕ್ಕೆ ಕಾನೂನಿದೆ, ಇಲಾಖೆಯ ಪರಿಹಾರ ಇದೆ, ಊರಿನವರ ಅಕ್ಕರೆ ಇದೆ. ಕೆರೆಗಳಲ್ಲಿ ಹಲವಕ್ಕೆ ಮೀನು ಸಾಕುವ ಗುತ್ತಿಗೆದಾರರಿದ್ದಾರೆ. ಕಾಲೇಜು ಹುಡುಗ ಹುಡುಗಿಯರಿಗೆಂದು ನಡೆಸಿದ ಒಂದು ಬೇಸಿಗೆ ಫೆಲೋಶಿಪ್ ಈ ಮರ ಮತ್ತು ಕೆರೆಯ ನಡುವೆ ಸಿಕ್ಕಿಕೊಂಡ ಪ್ರಕರಣ ಇದು.

ನಡೆಸಿದ್ದು ಮೈಸೂರಿನ ಒಂದು ಚಿಕ್ಕ ಗುಂಪು. ಕೆಲವರು ಮೇಷ್ಟ್ರುಗಳು, ಕೆಲವರು ಭಾನುವಾರ ಹಕ್ಕಿ ನೋಡಲು ಹೋಗುವವರು. ಫೆಲೋಗಳ ದಿನದ ಕೆಲಸ ನೋಡಿಕೊಳ್ಳುವ ಜವಾಬ್ದಾರಿ ನನ್ನದಾಗಿತ್ತು. ಗುಂಪಿನ ಹೆಸರು, ಫೆಲೋಗಳ ಹೆಸರು, ಘಟನೆ ನಡೆದ ಕೆರೆಯ ಹೆಸರು ಯಾವುದನ್ನೂ ಹಾಕಿಲ್ಲ. ಕೆರೆ ಯಾವುದು ಎಂದು ಹುಡುಕಲು ಹೋಗಬೇಡಿ. ಇಂಥದ್ದು ಯಾವ ಕೆರೆಯಲ್ಲಾದರೂ ಆಗಬಹುದಿತ್ತು.

ಊರಿನ ಹಿನ್ನೆಲೆ

ಈ ಊರಿನ ಬಗ್ಗೆ ಬರೆಯುವವರೆಲ್ಲ 'ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು' ಅನ್ನುವ ಮಾತನ್ನು ಬರೆದೇ ಬರೆಯುತ್ತಾರೆ. ಊರಿನವರು ಹಕ್ಕಿಗಳನ್ನು ಹಾಗೆ ಕರೆಯುವುದೂ ನಿಜ. ಆದರೆ ಅಕ್ಕರೆಯ ಜೊತೆ ಲೆಕ್ಕಾಚಾರವೂ ಇದೆ. ಹಕ್ಕಿಯ ಹಿಕ್ಕೆ ಒಳ್ಳೆಯ ಗೊಬ್ಬರ. ಮರದ ಕೆಳಗೆ ಗುಂಡಿ ತೋಡಿ, ಕೆರೆಯ ಹೂಳು ತಂದು ತುಂಬಿ, ಹಿಕ್ಕೆ ಬಿದ್ದು ಬೆರೆತ ಮೇಲೆ ಹೊಲಕ್ಕೆ ಹೊಡೆಯುವ ರೂಢಿ ಇತ್ತು. ಹಕ್ಕಿಗೋಸ್ಕರ ಹುಣಸೆಹಣ್ಣು ಬಡಿಯದೆ ಬಿಟ್ಟ ಮರದ ಯಜಮಾನರಿಗೆ ಅರಣ್ಯ ಇಲಾಖೆ ಹಣ ಕೊಡುತ್ತದೆ.

ಹೊರಗಿನವರಿಗೆ ಈ ಊರನ್ನು ಪರಿಚಯಿಸಿದ್ದು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು, 1976ರಲ್ಲಿ. 1990ರ ದಶಕದಲ್ಲಿ ಹವ್ಯಾಸಿ ಪ್ರಕೃತಿಪ್ರಿಯರ ಗುಂಪಾದ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್‌ನ ಕೆ. ಮನು ಅವರು ಊರಿನ ಯುವಕರ ಜೊತೆ ಕೂತು ಕೆಲಸ ಶುರುಮಾಡಿದರು. ಅಲ್ಲಿಂದ ಹುಟ್ಟಿದ್ದು ಹೆಜ್ಜಾರ್ಲೆ ಬಳಗ. ಗೂಡಿನಿಂದ ಬಿದ್ದ ಮರಿಯನ್ನು ತಂದು, ಬೇಲಿ ಹಾಕಿದ ಜಾಗದಲ್ಲಿ ಮೀನು ಕೊಟ್ಟು ಸಾಕಿ, ಹಾರುವಂತಾದ ಮೇಲೆ ಬಿಡುವ ಕೆಲಸ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಖಾಸಗಿ ಮತ್ತು ಸಮುದಾಯದ ಜಾಗವನ್ನೂ 'ಸಮುದಾಯ ಮೀಸಲು' ಎಂದು ಘೋಷಿಸಲು ಅವಕಾಶ ಬಂತು. ಕೊಕ್ಕರೆ ಬೆಳ್ಳೂರು ಈಗ ಅಂಥ ಮೀಸಲು. ಕಾಡಲ್ಲ, ಮನೆಗಳ ನಡುವೆ ಇರುವ ಮೀಸಲು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಇಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಸತ್ತ ಹಕ್ಕಿಗಳ ಒಳಗೆ ದುಂಡುಹುಳುಗಳು ಸಿಕ್ಕಿದವು. ಇಂಥ ಹುಳು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕ. ಮರ ಎಷ್ಟು ಚೆನ್ನಾಗಿದ್ದರೂ ಕೆರೆ ಕೆಟ್ಟರೆ ಹಕ್ಕಿ ಉಳಿಯಲ್ಲ ಅನ್ನುವುದು ಊರಿನವರಿಗೆ ಆಗಲೇ ಗೊತ್ತಾಗಿತ್ತು. ಹಾಗಾಗಿ 'ನಿಮ್ಮ ಹುಡುಗರು ಬಂದು ಮತ್ತೆ ಗೂಡು ಎಣಿಸೋದಾದ್ರೆ ಬೇಡ, ಅದನ್ನ ಎಣಿಸೋರು ಬೇಕಾದಷ್ಟು ಜನ ಇದ್ದಾರೆ. ಕೆರೆ ನೋಡಿ' ಎಂದು ಅಲ್ಲಿನ ಹಿರಿಯರೊಬ್ಬರು ಮೊದಲೇ ಹೇಳಿದ್ದರು. ಅವರ ಹಿತ್ತಲಲ್ಲೂ ಗೂಡಿರುವ ಹುಣಸೆಮರಗಳಿವೆ. ನಮ್ಮ ಆಯ್ಕೆ ಸಮಿತಿಯಲ್ಲಿ ಕೂರಲು ಅವರನ್ನೇ ಕೇಳಿಕೊಂಡೆವು.

ಬೇಸಿಗೆಯ ಲೆಕ್ಕ

ಬೇಸಿಗೆ ಫೆಲೋಶಿಪ್ ಅನ್ನುವುದು ನಾವು ಎರವಲು ತಂದ ಏರ್ಪಾಡು. ಅಮೆರಿಕದಲ್ಲಿ ಎಲಿಜಬೆತ್ ಕುಶ್ಮನ್ ಎಂಬ ಕಾಲೇಜು ವಿದ್ಯಾರ್ಥಿನಿ ತನ್ನ ಪ್ರಬಂಧದಲ್ಲಿ ಇಂಥ ಯೋಚನೆ ಮುಂದಿಟ್ಟಿದ್ದರು. 1957ರಲ್ಲಿ ಒಲಿಂಪಿಕ್ ಮತ್ತು ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನಗಳಲ್ಲಿ ಮೊದಲ ವಿದ್ಯಾರ್ಥಿ ತಂಡಗಳು ಕೆಲಸಕ್ಕೆ ಇಳಿದವು. ಅಲ್ಲಿ ಕಾಲೇಜಿನ ಉದ್ದದ ರಜೆ ಬರುವುದೂ ಬೇಸಿಗೆಯಲ್ಲೇ, ಹೊರಗೆ ಕೆಲಸ ಮಾಡಲು ಆಗುವುದೂ ಬೇಸಿಗೆಯಲ್ಲೇ. ಎರಡೂ ತಾನಾಗೇ ಹೊಂದಿಕೊಳ್ಳುತ್ತವೆ.

ನಮ್ಮಲ್ಲಿ ಹಾಗಿಲ್ಲ. ಏಪ್ರಿಲ್‌ನಲ್ಲಿ ರಜೆ ಸಿಗುವುದು ಶಾಲೆ ಮಕ್ಕಳಿಗೆ. ಡಿಗ್ರಿಯವರಿಗೆ ಆಗ ಸಮ ಸೆಮಿಸ್ಟರ್ ನಡೆಯುತ್ತಿರುತ್ತದೆ, ಇಂಟರ್ನಲ್ಸ್ ಇರುತ್ತವೆ. ಅವರಿಗೆ ಬಿಡುವು ಸಿಗುವ ಹೊತ್ತಿಗೆ ಮುಂಗಾರು ಬಂದಿರುತ್ತದೆ, ಗೂಡು ಖಾಲಿ. ಹೆಜ್ಜಾರ್ಲೆ ಅಕ್ಟೋಬರ್–ನವೆಂಬರ್‌ಗೇ ಬರಲು ಶುರುಮಾಡುತ್ತದೆ. ಬಣ್ಣದ ಕೊಕ್ಕರೆ ಸ್ವಲ್ಪ ತಡವಾಗಿ ಬರುತ್ತದೆ. ಏಪ್ರಿಲ್, ಮೇನಲ್ಲಿ ಹೋದವರು ನೋಡುವುದು ಕೊನೇ ಅಂಕ ಮಾತ್ರ. ಅದು ಗೊತ್ತಿದ್ದೂ ಎಂಟು ವಾರ ಅದೇ ತಿಂಗಳುಗಳಲ್ಲಿ ಇಟ್ಟೆವು, ಏಕೆಂದರೆ ಮರಿ ಬೀಳುವುದು ಆಗಲೇ. ಮುಂಗಾರಿಗೆ ಮುಂಚಿನ ಗಾಳಿಮಳೆ ಒಂದು ಸಂಜೆ ಜೋರಾಗಿ ಬೀಸಿದರೆ ಮಾರನೇ ಬೆಳಿಗ್ಗೆ ಮರದ ಕೆಳಗೆ ಕೈಗಳು ಬೇಕು. ಕೆರೆ ಇಳಿದು ಏರಿ, ತೂಬು, ಕೋಡಿ, ಅಂಗಳ ಎಲ್ಲ ಬಿಚ್ಚಿ ಕಾಣುವುದೂ ಆಗಲೇ.

ನಾಲ್ಕು ಜನರನ್ನು ತೆಗೆದುಕೊಳ್ಳುವುದು ಅಂತ ಆಯಿತು. ಓದುತ್ತಿರುವವರು ಇಬ್ಬರು, ಓದು ಮುಗಿಸಿ ಒಂದೆರಡು ವರ್ಷ ಆದವರು ಇಬ್ಬರು. ಊಟ, ಬಾಡಿಗೆ ನಮ್ಮದು. ಅದರ ಮೇಲೆ ತಿಂಗಳಿಗೆ ಒಂದಿಷ್ಟು ಹಣ. ಈ ಹಣ ಇಡಲೇಬೇಕು ಅನ್ನುವುದು ನನ್ನ ಹಟವಾಗಿತ್ತು. ಸಂಬಳ ಇಲ್ಲದ ಫೆಲೋಶಿಪ್ಪಿಗೆ ಬರುವವರು ಯಾರು ಹೇಳಿ? ಅಪ್ಪನ ದುಡ್ಡಲ್ಲಿ ಕ್ಯಾಮೆರಾ ಕೊಂಡವರು. ಅವರೂ ಬರಲಿ, ಬೇಡ ಅನ್ನಲ್ಲ. ಆದರೆ ಬೇಸಿಗೆಯಲ್ಲಿ ಎರಡು ಕಾಸು ದುಡಿದು ಮನೆಗೆ ಕೊಡಬೇಕಾದ ಹುಡುಗಿ ಬಿಟ್ಟಿ ಕೆಲಸಕ್ಕೆ ಬರಲು ಆಗುವುದಿಲ್ಲ.

ಒಂದೇ ಪ್ರಶ್ನೆ

ಅರ್ಜಿ ಆನ್‌ಲೈನ್, ಇಂಗ್ಲಿಷಿನಲ್ಲಿ. ಸಮಿತಿಯಲ್ಲಿ ಬಹಳ ಜನಕ್ಕೆ ಅದೇ ಸಲೀಸು. ಬಂದ ಅರ್ಜಿಗಳಲ್ಲಿ ಹೆಚ್ಚಿನವು ಒಂದೇ ಥರ ಇದ್ದವು. ಎಲ್ಲರಿಗೂ ಚಿಕ್ಕಂದಿನಿಂದ ಪ್ರಕೃತಿ ಎಂದರೆ ಪ್ರಾಣ. ಮಳವಳ್ಳಿ ಕಡೆಯ ಒಬ್ಬಳ ಅರ್ಜಿ ಮಾತ್ರ ಅರ್ಧ ಇಂಗ್ಲಿಷ್, ಉಳಿದರ್ಧ ಕನ್ನಡ. ಬಿಎ ಕೊನೇ ವರ್ಷ. ಹಕ್ಕಿ ನೋಡಿದ ಅನುಭವ ಎಂಬಲ್ಲಿ 'ಇಲ್ಲ' ಎಂದು ಬರೆದಿದ್ದಳು. ತಾಯಿ ಏನು ಕೆಲಸ ಎಂಬಲ್ಲಿ 'ಸಂತೆಯಲ್ಲಿ ಮೀನು ಮಾರುತ್ತಾರೆ' ಎಂದಿತ್ತು. ಸಮಿತಿಯ ಒಬ್ಬರು ಅದನ್ನು ಬದಿಗಿಟ್ಟರು. ಬೆಳ್ಳೂರಿನ ಹಿರಿಯರು ಎತ್ತಿ ಮತ್ತೆ ಮೇಲಿಟ್ಟರು.

ಸಂದರ್ಶನದಲ್ಲಿ ಆ ಹಿರಿಯರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು: 'ನಿಮ್ಮೂರ ಹತ್ತಿರದ ಕೆರೆ ಮೀನು ಯಾರದು?'

ಒಬ್ಬ 'ಎಲ್ಲರದು' ಅಂದ. ಒಬ್ಬಳು 'ಸರ್ಕಾರದ್ದು' ಅಂದಳು. ಮೈಸೂರಿನ ಎಂಎಸ್ಸಿ ಪ್ರಾಣಿಶಾಸ್ತ್ರದ ಹುಡುಗ 'ಹಕ್ಕಿಗಳದ್ದು ಸಾರ್' ಅಂದಾಗ ಎಲ್ಲರೂ ನಕ್ಕರು. ಮಳವಳ್ಳಿಯವಳು ಸ್ವಲ್ಪ ಯೋಚಿಸಿ, ಕೆರೆ ಯಾರ ಹೆಸರಲ್ಲಿ ಗುತ್ತಿಗೆ ಆಗಿದೆ, ನಿಜವಾಗಿ ದುಡ್ಡು ಹಾಕಿರುವವರು ಯಾರು, ರಾತ್ರಿ ಕಾವಲಿಗೆ ಯಾರಿದ್ದಾರೆ, ಮೀನು ಹಿಡಿದ ದಿನ ಸುತ್ತಲಿನ ಮಾರಾಟದವರಿಗೆ ಯಾವ ರೇಟಿಗೆ ಸಿಗುತ್ತದೆ, ಏರಿ ಕೆಳಗಿನ ಕೇರಿಯವರಿಗೆ ಎಷ್ಟು ಬಿಡುತ್ತಾರೆ ಎಂದು ಒಂದೊಂದಾಗಿ ಹೇಳಿದಳು. ಹಿರಿಯರು ನನ್ನ ಕಡೆ ತಿರುಗಿ 'ಆಯ್ತಲ್ಲ ಸ್ವಾಮಿ' ಅಂದರು. ಎಂಎಸ್ಸಿ ಹುಡುಗನೂ ಆಯ್ಕೆಯಾದ. ಚುರುಕಾಗಿದ್ದ, ಹಕ್ಕಿಯ ತಿಳಿವಳಿಕೆ ನಮ್ಮಲ್ಲಿ ಎಷ್ಟೋ ಜನಕ್ಕಿಂತ ಚೆನ್ನಾಗಿತ್ತು. ಉಳಿದಿಬ್ಬರಲ್ಲಿ ಒಬ್ಬ ಪಕ್ಕದೂರಿನ ಬಿಎಸ್ಸಿ ಪದವೀಧರ, ಇನ್ನೊಬ್ಬಳು ಎಂಜಿನಿಯರಿಂಗ್ ಮುಗಿಸಿದವಳು. ಇವರಿಬ್ಬರ ಕೆಲಸ ಚೆನ್ನಾಗೇ ನಡೆಯಿತು. ಈ ಪ್ರಕರಣದಲ್ಲಿ ಅವರ ಪಾತ್ರ ಕಡಿಮೆ.

ಒಂದು ಪಕ್ಕದ ಮಾತು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದಿರದಿದ್ದರೆ ಮಳವಳ್ಳಿಯವಳು ವಾರಕ್ಕೊಮ್ಮೆ ಮನೆಗೆ ಹೋಗಿಬರುವುದು ಕಷ್ಟ ಇತ್ತು. ಸರ್ಕಾರಿ ಬಸ್ಸಿನ ಶೂನ್ಯ ಟಿಕೆಟ್ ಅವಳ ಮನೆಯವರನ್ನು ಒಪ್ಪಿಸಿದಷ್ಟು ನಮ್ಮ ಪತ್ರ ಒಪ್ಪಿಸಲಿಲ್ಲ.

ಮರದ ಕೆಳಗಿನ ಮೀನು

ಮೊದಲ ವಾರಗಳು ಮರದ ಕೆಳಗೆ ಕಳೆದವು. ಬೆಳಿಗ್ಗೆ ಬಿದ್ದ ಮರಿ ಇದೆಯಾ ನೋಡುವುದು, ನಾಯಿ ಬರದ ಹಾಗೆ ಕಾಯುವುದು, ಸಿಕ್ಕರೆ ಆರೈಕೆ ಜಾಗಕ್ಕೆ ತಲುಪಿಸುವುದು. ಹೆಜ್ಜಾರ್ಲೆ ಮರಿ ತಾಯಿಯ ಕೊಕ್ಕಿನ ಚೀಲಕ್ಕೇ ತಲೆ ಹಾಕಿ ತಿನ್ನುತ್ತದೆ. ಆ ಎಳೆದಾಟದಲ್ಲಿ ಒಂದಷ್ಟು ಮೀನು ಕೆಳಗೆ ಬೀಳುತ್ತದೆ. ವಾಸನೆ ಹೇಳಬೇಕಾಗಿಲ್ಲ. ಮಿಕ್ಕವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮೇಲೆ ನೋಡುತ್ತಿದ್ದರು. ಮಳವಳ್ಳಿಯವಳು ಕೆಳಗೆ ನೋಡುತ್ತಿದ್ದಳು.

ಒಂದು ದಿನ ಕಡ್ಡಿಯಲ್ಲಿ ಒಂದನ್ನು ಹೊರಳಿಸಿ ತೋರಿಸಿದಳು. ಅರ್ಧ ಕರಗಿದ ಮೀನು. ತಲೆ ಇರಲಿಲ್ಲ, ಹೊಟ್ಟೆ ಒಡೆದಿತ್ತು. ಬೆನ್ನ ಮೇಲೆ ಮಾತ್ರ ಗಟ್ಟಿ ಮುಳ್ಳಿನ ಸಾಲು ಹಾಗೇ ನಿಂತಿತ್ತು. 'ಜಿಲೇಬಿ ಸಾರ್ ಇದು. ಕಾಟ್ಲಾಗೆ ಈ ಮುಳ್ಳು ಇರಲ್ಲ. ಚಿಕ್ಕವಳಿದ್ದಾಗ ತೊಳೆಯೋಕೆ ಹೋಗಿ ಎಷ್ಟು ಸಲ ಕೈಗೆ ಚುಚ್ಚಿಸ್ಕೊಂಡಿದೀನಿ' ಅಂದಳು. ಆಮೇಲೆ ಇನ್ನೊಂದು ಮರದ ಕೆಳಗೆ, ಮತ್ತೊಂದರ ಕೆಳಗೆ. ಬಹುಪಾಲು ಜಿಲೇಬಿಯೇ. ನಡುವೆ ಸಣ್ಣ ಕೆಂಡೆ ಜಾತಿಯವು, ಅಲ್ಲೊಂದು ಇಲ್ಲೊಂದು ಕಾಟ್ಲಾ, ರೋಹು.

ಜಿಲೇಬಿ ನಮ್ಮ ಮೀನಲ್ಲ. ತಿಲಾಪಿಯಾ ಎಂದು ಪುಸ್ತಕದಲ್ಲಿರುವ ಆಫ್ರಿಕಾ ಮೂಲದ ಈ ಮೀನನ್ನು ಭಾರತಕ್ಕೆ ತಂದದ್ದು 1952ರಲ್ಲಿ. ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಕೆರೆ ತುಂಬಿಬಿಡುತ್ತದೆ. ಗುತ್ತಿಗೆದಾರರು ದುಡ್ಡು ಕೊಟ್ಟು ಬಿಡುವ ಕಾಟ್ಲಾ, ರೋಹು, ಮೃಗಾಲ್ ಮರಿಗಳ ಮೇವಿಗೂ ಜಾಗಕ್ಕೂ ಪೈಪೋಟಿ ಕೊಡುತ್ತದೆ. ಅಂದರೆ ಗುತ್ತಿಗೆದಾರರ ಪಾಲಿಗೆ ಅದು ಕಳೆ. ಹಾಗಾದರೆ ಹಕ್ಕಿ ತಿನ್ನುತ್ತಿರುವುದು ಕಳೆಯನ್ನೇ ಅಲ್ವಾ?

ಎಂಎಸ್ಸಿ ಹುಡುಗ ಇಲ್ಲಿ ಸರಿಯಾದ ತಕರಾರು ಎತ್ತಿದ. ನಮಗೆ ಕಾಣುವುದು ಬಿದ್ದದ್ದು ಮಾತ್ರ, ನುಂಗಿದ್ದು ಕಾಣುವುದಿಲ್ಲ. ಮುಳ್ಳಿರುವ ಮೀನು ಗಂಟಲಿಗೆ ಸಿಕ್ಕಿ ಜಾಸ್ತಿ ಬೀಳುತ್ತಿರಬಹುದು. ನುಣುಪಾದ ಕಾಟ್ಲಾ ಮರಿ ಸಲೀಸಾಗಿ ಒಳಗೆ ಹೋಗುತ್ತಿರಬಹುದು. ಮಾತು ನಿಜ. ಅದಕ್ಕೇ ಪುಸ್ತಕದಲ್ಲಿ 'ತಿಂದ ಮೀನು' ಎಂದು ಬರೆಯದೆ 'ಬಿದ್ದ ಮೀನು' ಎಂದೇ ಬರೆದುಕೊಂಡರು. ಮರ, ತಾರೀಖು, ಮೀನಿನ ಜಾತಿ, ಬೆರಳಲ್ಲಿ ಅಳೆದ ಉದ್ದ. ಕನ್ನಡದಲ್ಲಿ, ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ.

ಕೆರೆಯಲ್ಲಿ ಸಿಕ್ಕಿದ್ದು

ಇದರ ನಡುವೆ ಒಂದು ಬೆಳಿಗ್ಗೆ ಎಂಎಸ್ಸಿ ಹುಡುಗ ಮತ್ತು ಪಕ್ಕದೂರಿನವನು ಕೆರೆಯೊಂದರ ಏರಿ ಮೇಲೆ ಹೋಗುತ್ತಿದ್ದಾಗ ನೀರಿನಂಚಿನಲ್ಲಿ ಹೆಜ್ಜಾರ್ಲೆಯೊಂದು ರೆಕ್ಕೆ ಬಡಿಯುತ್ತಿತ್ತು. ಏಳಲು ಆಗುತ್ತಿರಲಿಲ್ಲ. ಹತ್ತಿರ ಹೋದರೆ ರೆಕ್ಕೆಯ ಬುಡಕ್ಕೆ ಸಣ್ಣ ನೈಲಾನ್ ದಾರ ಸುತ್ತಿತ್ತು. ಕೆರೆಯ ಈ ದಡದಿಂದ ಆ ದಡಕ್ಕೆ ಗೂಟ ನೆಟ್ಟು ದಾರ ಎಳೆದಿದ್ದರು. ಹಕ್ಕಿ ಇಳಿಯದಿರಲಿ ಅಂತ.

ಹೆಜ್ಜಾರ್ಲೆ ನಾಲ್ಕೈದು ಕಿಲೋ ತೂಗುವ ಹಕ್ಕಿ. ನೀರಿನಿಂದ ಮೇಲೇಳಬೇಕಾದರೆ ಕಾಲಲ್ಲಿ ನೀರು ಒದ್ದು ಒಂದಷ್ಟು ದೂರ ಓಡಬೇಕು. ಅಷ್ಟರಲ್ಲಿ ಎದುರಿಗೆ ದಾರ ಸಿಕ್ಕರೆ ತಿರುಗಲು ಆಗುವುದಿಲ್ಲ. ನೈಲಾನ್ ಬೆಳಕಿಗೆ ಕಾಣುವುದೂ ಇಲ್ಲ. ಬಿಗಿಯಾಗಿ ಕಟ್ಟಿದ ದಾರಕ್ಕಿಂತ ಸಡಿಲವಾಗಿ ಜೋತುಬಿದ್ದದ್ದು ಇನ್ನೂ ಕೆಟ್ಟದ್ದು. ಬಡಿದಷ್ಟೂ ಸುತ್ತಿಕೊಳ್ಳುತ್ತದೆ.

ಕಾವಲಿನವರು ಓಡಿಬಂದು ಕುಡುಗೋಲಿನಲ್ಲಿ ದಾರ ಕೊಯ್ದರು. ಇದನ್ನು ಮುಖ್ಯವಾಗಿ ಬರೆಯಬೇಕು. ಹಕ್ಕಿಯನ್ನು ಬಿಡಿಸಿದ್ದು ದಾರ ಕಟ್ಟಿದವರೇ. ಅರಣ್ಯ ಇಲಾಖೆಗೆ ಫೋನ್ ಮಾಡಿದೆವು, ಅವರು ಬಂದು ತೆಗೆದುಕೊಂಡು ಹೋದರು. ಚಿಕಿತ್ಸೆ ಆಯಿತು. ಕೆಲವು ದಿನಕ್ಕೆ ಹಕ್ಕಿ ಸತ್ತಿತು.

ಹುಡುಗ ಫೋಟೋ ತೆಗೆದಿದ್ದ. ಒಳ್ಳೆಯ ಫೋಟೋ, ನೋಡಿದವರ ಕರುಳು ಹಿಂಡುವಂಥದ್ದು. ಸಂಜೆಗೆ ಇನ್‌ಸ್ಟಾಗ್ರಾಮಿಗೆ ಹಾಕುತ್ತೇನೆ ಅಂದ. ಹಾಕುವ ಮೊದಲೇ ಸ್ನೇಹಿತರ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟಿದ್ದ. ಮಧ್ಯಾಹ್ನದ ಹೊತ್ತಿಗೆ ಅದು ಮದ್ದೂರಿನ ಯಾರದೋ ಸ್ಟೇಟಸ್ಸಿನಲ್ಲಿತ್ತು. ಕೆರೆಯ ಹೆಸರಿನ ಜೊತೆ.

ರಾತ್ರಿಯ ಜಗಳ

ಅವತ್ತು ರಾತ್ರಿ ಬಾಡಿಗೆ ಮನೆಯ ಜಗಲಿಯಲ್ಲಿ ಕೂತು ಮಾತಾಡಿದೆವು. ಮಾತು ಅನ್ನುವುದಕ್ಕಿಂತ ಜಗಳ.

ಹುಡುಗನ ವಾದ ಸರಳ. ಕಾನೂನಿದೆ. ಹೆಜ್ಜಾರ್ಲೆ ಸಂರಕ್ಷಿತ ಹಕ್ಕಿ. ದೂರು ಕೊಡೋಣ, ಫೋಟೋ ಹಾಕೋಣ, ನಾಳೆಗೇ ದಾರ ಇಳಿಯುತ್ತದೆ. 'ಸುಮ್ನೆ ಕೂತ್ರೆ ನಾವೂ ಪಾಲುದಾರರೇ ಅಲ್ವಾ ಸಾರ್?' ಎಂದು ಕೇಳಿದ. ಹುಡುಗನನ್ನು ಆತುರಗಾರ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸಲಿಲ್ಲ. ಇಲಾಖೆಗೆ ತಿಳಿಸಲೇಬೇಕಿತ್ತು, ತಿಳಿಸಿದೆವು. ಅದರಲ್ಲಿ ಎರಡು ಮಾತಿರಲಿಲ್ಲ. ಪ್ರಶ್ನೆ ಇದ್ದದ್ದು ಅದರಾಚೆಯದು.

ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಇಷ್ಟು: ಕೇಸಾದರೆ ಸಿಕ್ಕಿಬೀಳುವವನು ಕಾವಲಿನವನು. ಅವನಿಗೆ ದಿನಗೂಲಿ. ಗುತ್ತಿಗೆದಾರನ ಹೆಂಡತಿಯ ತವರು ಇದೇ ಊರು, ಆ ಮನೆಯ ಹಿಂದೆ ಎರಡು ಮರ ಇವೆ, ಎರಡರಲ್ಲೂ ಗೂಡು. 'ನೀವು ಎಂಟು ವಾರಕ್ಕೆ ಹೊಂಟೋಯ್ತೀರಪ್ಪ. ಆ ಮರದ ಕೊಂಬೆ ಮೇಲೆ ಮಚ್ಚು ಬಿದ್ರೆ ಯಾರ್ನ ಕೇಳನ ನಾನು?'

ಈ ಮಾತಿನಲ್ಲಿ ಬೆದರಿಕೆಯ ವಾಸನೆ ಇದೆ ಎಂದು ಎಂಜಿನಿಯರಿಂಗ್ ಹುಡುಗಿ ಆಮೇಲೆ ನನ್ನ ಹತ್ತಿರ ಹೇಳಿದಳು. ಇರಬಹುದು. ಸಂರಕ್ಷಣೆಯ ಹೆಸರಲ್ಲಿ ಎಲ್ಲವನ್ನೂ 'ಊರಿನ ಒಳಗೇ' ಮುಗಿಸಿಕೊಳ್ಳುವ ಅಭ್ಯಾಸದಿಂದ ಎಷ್ಟೋ ತಪ್ಪುಗಳು ಮುಚ್ಚಿಹೋಗಿವೆ. ಆದರೆ ಇಲ್ಲಿ ಮುಚ್ಚಿಡಲು ಏನೂ ಇರಲಿಲ್ಲ, ಇಲಾಖೆಯವರು ಜಾಗ ನೋಡಿ ಹೋಗಿದ್ದರು. ಮುಂದಿನ ದಾರ ಕಟ್ಟದಂತೆ ಮಾಡುವುದು ಹೇಗೆ ಅನ್ನುವುದಷ್ಟೇ ಉಳಿದಿತ್ತು. ಫೋಟೋ ಹಾಕಬೇಡ ಎಂದು ನಾನು ಹುಡುಗನಿಗೆ ಕಟ್ಟಪ್ಪಣೆ ಮಾಡಲಿಲ್ಲ. ಕೆರೆಯ ಹೆಸರು ತೆಗೆದು, ಒಂದು ವಾರ ಬಿಟ್ಟು ಹಾಕು ಅಂದೆ. ಒಪ್ಪಿದ, ಮುಖ ಗಂಟಿಕ್ಕಿಕೊಂಡು.

ಅಷ್ಟರಲ್ಲಿ ಸ್ಟೇಟಸ್ಸು ತನ್ನ ಕೆಲಸ ಮಾಡಿತ್ತು. ಗುತ್ತಿಗೆದಾರರು ನಮ್ಮ ಫೋನ್ ತೆಗೆಯಲಿಲ್ಲ. ಏರಿ ಮೇಲೆ ಹೋದರೆ ಕಾವಲಿನವರು ಮುಖ ತಿರುಗಿಸಿದರು. ಇಲಾಖೆಯವರು ಹೇಳಿದ ಮೇಲೆ ಆ ಒಂದು ಕಡೆಯ ದಾರ ತೆಗೆದಿದ್ದರು. ಆಚೆ ಕಡೆ ಹೊಸದು ಎದ್ದಿತ್ತು.

ಮೀನು ಹಿಡಿದ ದಿನ

ಮಳವಳ್ಳಿಯವಳು ಅವತ್ತಿನ ಜಗಳದಲ್ಲಿ ಬಾಯಿ ಬಿಟ್ಟಿರಲಿಲ್ಲ. ಒಂದೆರಡು ದಿನ ಬಿಟ್ಟು ಬಂದು, 'ಅವರು ಮೀನು ಹಿಡಿಯೋ ದಿನ ಹೋಗೋಣ ಸಾರ್. ಅವತ್ತು ಯಾರೂ ಯಾರನ್ನೂ ಹೋಗು ಅನ್ನಲ್ಲ' ಅಂದಳು. ಯಾವತ್ತು ಹಿಡಿಯುತ್ತಾರೆ ಎಂದು ಅಮ್ಮನಿಗೆ ಫೋನ್ ಮಾಡಿ ತಿಳಿದುಕೊಂಡಿದ್ದಳು. ಮಾರಾಟದವರಿಗೆ ಹಿಂದಿನ ದಿನವೇ ಸುದ್ದಿ ಹೋಗಿರುತ್ತದಂತೆ. ನಮ್ಮ ಗುಂಪಿನ ಯಾರಿಗೂ ಈ ದಾರಿ ಹೊಳೆದಿರಲಿಲ್ಲ, ಹೊಳೆಯುವುದೂ ಇಲ್ಲ.

ಬೆಳಕು ಹರಿಯುವ ಹೊತ್ತಿಗೆ ಏರಿ ಮೇಲೆ ಜನ. ನೀರು ಇಳಿದು ತೂಬಿನ ಹತ್ತಿರದ ಆಳದಲ್ಲಿ ಮಾತ್ರ ನಿಂತಿತ್ತು. ತೆಪ್ಪದಲ್ಲಿ ಇಬ್ಬರು ಬಲೆ ಸುತ್ತಿಸುತ್ತಿದ್ದರು. ದಡದಲ್ಲಿ ನೀಲಿ ಟಾರ್ಪಾಲು ಹಾಸಿ ಮೀನು ಸುರಿದಿದ್ದರು. ಕಾಟ್ಲಾ, ರೋಹು ಒಂದು ಕಡೆ, ಐಸ್ ಹಾಕಿದ ಕ್ರೇಟಿಗೆ. ಮೃಗಾಲ್ ಇನ್ನೊಂದು ಕಡೆ. ಜಿಲೇಬಿ ಬೇರೆ ಗುಡ್ಡೆ. ಅದಕ್ಕೆ ಐಸೂ ಇಲ್ಲ, ಲೆಕ್ಕವೂ ಅಷ್ಟಕ್ಕಷ್ಟೆ. ನಾನು ಏರಿ ಮೇಲೇ ನಿಂತೆ. ಅವಳು ಚಪ್ಪಲಿ ಬಿಟ್ಟು, ಚೂಡಿದಾರದ ವೇಲು ಸೊಂಟಕ್ಕೆ ಕಟ್ಟಿಕೊಂಡು ಟಾರ್ಪಾಲಿನ ಪಕ್ಕ ಕೂತು ಮೀನು ವಿಂಗಡಿಸಲು ಶುರುಮಾಡಿದಳು. ಯಾರೂ ಕೇಳಲಿಲ್ಲ. ಕೈ ನೋಡಿದರೆ ಗೊತ್ತಾಗುತ್ತಿತ್ತು, ಪಳಗಿದ ಕೈ ಅಂತ.

ಎಷ್ಟೋ ಹೊತ್ತಾದ ಮೇಲೆ ಗುತ್ತಿಗೆದಾರರೇ ಕೇಳಿದರು. 'ಯಾರ ಮಗಳವ್ವ ನೀನು?'

ಹೇಳಿದಳು. ಅವಳ ಅಮ್ಮನ ಮುಖಪರಿಚಯ ಅವರಿಗಿತ್ತು. ಫೆಲೋಶಿಪ್ಪಿನವಳು ಎಂದೂ ಹೇಳಿದಳು, ಮುಚ್ಚಿಡಲಿಲ್ಲ. ಅವರ ಮುಖ ಬಿಗಿಯಿತು. 'ನಿಮ್ ಹುಡುಗ ನನ್ ಮಾನ ತೆಗ್ದ ಕಣವ್ವ. ಬಿತ್ತನೆಗೆ ದುಡ್ಡು ಸುರ್ದವ್ನು ನಾನು, ಕಾವಲಿಗೆ ಸುರ್ದವ್ನು ನಾನು. ಅವು ತಿಂದ್ಕಂಡು ಹೋದ್ರೆ ನಾನೇನ್ ತಿನ್ನನ?'

'ಅಣ್ಣ, ಬೆಳ್ಳೂರಲ್ಲಿ ಮರದ ಕೆಳಗೆ ಬಿದ್ದಿರೋದು ನೋಡಿದೀನಿ. ಇದೇ ಜಾಸ್ತಿ' ಎಂದು ಜಿಲೇಬಿ ಗುಡ್ಡೆ ತೋರಿಸಿದಳು. 'ಕಾಟ್ಲಾ ಇಲ್ಲ ಅನ್ನಲ್ಲ, ಐತೆ. ಕಮ್ಮಿ.'

ಅವರು ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ. ಆದರೆ ಮೀನಿನ ಹೆಸರು ಹೇಳಿ ಮಾತಾಡುವ ಒಬ್ಬಳ ಜೊತೆ ಅವರು ಮಾತು ಮುಂದುವರಿಸಿದರು. ನಮ್ಮ ಜೊತೆ ಮುಂದುವರಿಸಿರಲಿಲ್ಲ. ಆ ವಾರವೇ ಅವರ ಕಡೆಯವನೊಬ್ಬ ಬೆಳ್ಳೂರಿಗೆ ಬಂದು, ಆ ತವರುಮನೆಯ ಮರದ ಕೆಳಗೇ ನಿಂತು ನೋಡಿ ಹೋದ. ನೋಟ್‌ಬುಕ್ ತೋರಿಸಿದರೆ ಪುಟ ತಿರುಗಿಸಿ, ಉದ್ದದ ಲೆಕ್ಕವನ್ನು ಬೆರಳಿಟ್ಟು ಓದಿದ. ಇಂಗ್ಲಿಷಿನಲ್ಲಿ ಬರೆದಿದ್ದರೆ ಅದು ಅವನ ಕೈಗೇ ಹೋಗುತ್ತಿರಲಿಲ್ಲ.

ಒಪ್ಪಂದ, ಅದರ ತೂತು

ಆದ ಒಪ್ಪಂದ ಚಿಕ್ಕದು. ಹಕ್ಕಿಗಳು ನಿಲ್ಲುವ ತೆಳುನೀರಿನ ಕಡೆಯ ದಾರವನ್ನೆಲ್ಲ ತೆಗೆಯುವುದು. ಕೊನೆಯ ಮೀನು ನಿಲ್ಲುವ ತೂಬಿನ ಕಡೆ ಮಾತ್ರ ಅಡ್ಡ ಇಡುವುದು. ಅದೂ ಸಣ್ಣ ನೈಲಾನ್ ಅಲ್ಲ, ಕಣ್ಣಿಗೆ ಕಾಣುವ ದಪ್ಪ ಹಗ್ಗ, ಬಿಗಿಯಾಗಿ, ಬಟ್ಟೆ ಚೂರು ಕಟ್ಟಿ. ಹಗ್ಗದ ಖರ್ಚು ನಾವು ಕೊಟ್ಟೆವು. ಇದು ಸರಿಯೇ ಎಂದು ನಮ್ಮ ಗುಂಪಿನಲ್ಲಿ ಈಗಲೂ ಚರ್ಚೆ ಇದೆ. ಮಾಡಬಾರದ್ದನ್ನು ನಿಲ್ಲಿಸಲು ದುಡ್ಡು ಕೊಟ್ಟಂತಾಯಿತು ಎಂದು ಕೆಲವರು ಹೇಳುತ್ತಾರೆ. ನನ್ನ ಮಟ್ಟಿಗೆ ಹಗ್ಗ ಅಗ್ಗ. ಎಂಎಸ್ಸಿ ಹುಡುಗ ತನ್ನ ಫೋಟೋವನ್ನು ಕೆರೆಯ ಹೆಸರಿಲ್ಲದೆ, ದಾರ ಹೇಗೆ ಹಕ್ಕಿಯನ್ನು ಹಿಡಿಯುತ್ತದೆ ಎಂಬ ನಾಲ್ಕು ಸಾಲಿನ ಜೊತೆ ಹಾಕಿದ. ಮೊದಲು ಅಂದುಕೊಂಡದ್ದಕ್ಕಿಂತ ಒಳ್ಳೆಯ ಬರಹ ಆಗಿತ್ತು ಅದು. ಮುಂಗಾರು ಬರುವವರೆಗೆ ಆ ಕೆರೆಯಲ್ಲಿ ಇನ್ನೊಂದು ಹಕ್ಕಿ ಸಿಕ್ಕಿಬಿದ್ದದ್ದನ್ನು ಫೆಲೋಗಳು ನೋಡಲಿಲ್ಲ.

ಮುಂದಿನ ಸಲ ಕೆರೆ ಬೇರೆಯವರ ಪಾಲಾಯಿತು. ದಾರ ಮತ್ತೆ ಬಂತು, ಈ ಸಲ ನವೆಂಬರ್‌ನಲ್ಲೇ. ಹೊಸಬರಿಗೆ ನೋಟ್‌ಬುಕ್ ತೋರಿಸಿದಾಗ ಅವರು ಕೇಳಿದ ಪ್ರಶ್ನೆ ನಮ್ಮ ಬಾಯಿ ಕಟ್ಟಿಸಿತು. 'ಇದು ಏಪ್ರಿಲ್ ಲೆಕ್ಕ ಸಾರ್. ಏಪ್ರಿಲ್‌ಗೆ ನನ್ನ ಕಾಟ್ಲಾ ಹಕ್ಕಿ ಬಾಯಿಗೆ ಹಿಡಿಯಲ್ಲ. ನವೆಂಬರ್‌ನಾಗೆ ಗೇಣುದ್ದ ಇರ್ತದೆ. ಆಗ ಏನ್ ತಿಂತವೆ, ಬರ್ದಿದ್ದೀರಾ?'

ಬರೆದಿರಲಿಲ್ಲ. ಬಿತ್ತನೆ ಮರಿ ಬಿಡುವುದು ಮಳೆಗಾಲದಲ್ಲಿ. ಅವು ಇನ್ನೂ ಎಳೆಯವಿರುವಾಗಲೇ ಹೆಜ್ಜಾರ್ಲೆ ಬಂದಿಳಿಯುತ್ತದೆ. ಗುತ್ತಿಗೆದಾರರ ಭಯ ನಿಜವಾಗಿ ಇರುವುದು ಆ ತಿಂಗಳುಗಳಲ್ಲಿ. ನಮ್ಮ ಫೆಲೋಗಳು ಇರುವುದು ಏಪ್ರಿಲ್, ಮೇನಲ್ಲಿ. ಬೇಸಿಗೆಯವರು ಬೇಸಿಗೆಯ ಪ್ರಶ್ನೆಗೆ ಉತ್ತರ ಹುಡುಕಿದರು, ಜಗಳ ಇದ್ದದ್ದು ಚಳಿಗಾಲದಲ್ಲಿ.

ಫೆಲೋಶಿಪ್ಪಿನ ರೂಪ ಬದಲಾದದ್ದು ಈ ಮಾತಿನಿಂದ. ಎಂಟು ವಾರವನ್ನು ಒಡೆದೆವು. ಐದು ವಾರ ಬೇಸಿಗೆಯಲ್ಲಿ, ಮರಿ ಬೀಳುವ ಕಾಲಕ್ಕೆ. ಉಳಿದ ದಿನಗಳನ್ನು ನವೆಂಬರ್‌ನಿಂದ ಜನವರಿವರೆಗಿನ ಶನಿವಾರ ಭಾನುವಾರಗಳಿಗೆ ಹಂಚಿದೆವು. ಹೀಗೆ ಮಾಡಿದರೆ ದೂರದೂರಿನವರು ಬರಲು ಆಗುವುದಿಲ್ಲ, ಸುತ್ತಲಿನ ತಾಲ್ಲೂಕಿನವರೇ ಬರಬೇಕಾಗುತ್ತದೆ. ಬರಲಿ. ಅರ್ಜಿ ಈಗ ಕನ್ನಡದಲ್ಲೂ ಇದೆ, ಬರೆಯಲು ಆಗದವರು ಫೋನಿನಲ್ಲಿ ಮಾತಾಡಿ ಕಳಿಸಬಹುದು. ಕೊನೆಯಲ್ಲಿ ಕೊಡಬೇಕಾದ ವರದಿಯನ್ನು ತೆಗೆದುಹಾಕಿದೆವು. ನೋಟ್‌ಬುಕ್ ಊರಲ್ಲೇ ಇರುತ್ತದೆ, ಮುಂದಿನವರು ಅದೇ ಪುಸ್ತಕದ ಮುಂದಿನ ಪುಟದಿಂದ ಬರೆಯುತ್ತಾರೆ. ಪಕ್ಕದೂರಿನ ಬಿಎಸ್ಸಿಯವನು ಈ ಚಳಿಗಾಲದ ಪುಟಗಳನ್ನು ತುಂಬಿಸುತ್ತಿದ್ದಾನೆ. ಈ ಸಲ ಕಾಟ್ಲಾ ಮರಿಗಳೂ ಸಾಕಷ್ಟು ಬೀಳುತ್ತಿವೆ ಅಂತ ಅವನೇ ಹೇಳಿದ. ಹಾಗಿದ್ದರೆ ಹಾಗೇ ಬರೆಯಬೇಕು.

ಮಳವಳ್ಳಿಯವಳು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ನಮ್ಮ ಸರ್ಟಿಫಿಕೇಟಿನಿಂದ ಅಲ್ಲಿ ಒಂದು ಅಂಕವೂ ಬರುವುದಿಲ್ಲ. ಆಯ್ಕೆ ಸಮಿತಿಗೆ ಬಾ ಎಂದು ಕರೆದಿದ್ದೇವೆ, ಪರೀಕ್ಷೆ ಮುಗಿಯಲಿ ಅಂದಿದ್ದಾಳೆ.

ಎಳೆಯ ಮರಿಗಳನ್ನು ಹಕ್ಕಿ ತಿನ್ನುವುದು ನಿಜವಾದರೆ ಆ ನಷ್ಟ ಯಾರು ಹೊರಬೇಕು? ಹುಣಸೆಹಣ್ಣು ಬಿಟ್ಟವರಿಗೆ ಪರಿಹಾರ ಇರುವಾಗ ಮೀನು ಬಿಟ್ಟವರಿಗೆ ಯಾಕಿಲ್ಲ ಎಂದು ಹೊಸ ಗುತ್ತಿಗೆದಾರರು ಕೇಳುತ್ತಾರೆ. ತೆಗೆದುಹಾಕುವ ಪ್ರಶ್ನೆ ಅಲ್ಲ ಅದು. ಸಣ್ಣ ನೈಲಾನ್ ದಾರ ಕಟ್ಟಬಾರದು ಎಂಬ ಷರತ್ತನ್ನು ಗುತ್ತಿಗೆ ಪತ್ರದಲ್ಲೇ ಸೇರಿಸಬೇಕು, ಬದಲಿಗೆ ಗುತ್ತಿಗೆ ಮೊತ್ತದಲ್ಲಿ ಒಂದಿಷ್ಟು ರಿಯಾಯಿತಿ ಕೊಡಬೇಕು ಎಂದು ಒಂದು ಮನವಿ ಬರೆದಿದ್ದೇವೆ. ಬೆಳ್ಳೂರಿನ ಹಿರಿಯರು, ಹೊಸ ಗುತ್ತಿಗೆದಾರರು, ಹಳೆಯ ಗುತ್ತಿಗೆದಾರರು ಮೂವರೂ ಅದಕ್ಕೆ ಸಹಿ ಹಾಕಿದ್ದಾರೆ. ಮನವಿ ಸಂಬಂಧಪಟ್ಟ ಕಚೇರಿಯಲ್ಲಿದೆ. ಉತ್ತರ ಇನ್ನೂ ಬಂದಿಲ್ಲ.